ಡ್ಯಾಂಡಿನಾಂಗ್‌ನ ಪಿನೋ

ಸಂಜು ನನ್ನ ಕತ್ತು ಹಿಡಿದು ವೈನ್ ತೊಟ್ಟಿಯೊಳಗೆ ಬಗ್ಗಿಸಿದ್ದ.

ಮೂಗಿನಿಂದ ಒಂದು ಗೇಣು ಕೆಳಗೆ ದ್ರಾಕ್ಷಿ ಗುಳುಗುಳು ಅಂತ ಹುಳಿಯುತ್ತಿತ್ತು. ಹುಳಿಯುವಾಗ ಗ್ಯಾಸ್ ಏಳುತ್ತೆ. ಕಣ್ಣಿಗೆ ಕಾಣಲ್ಲ. ಎರಡು ಸಲ ಎಳೆದುಕೊಂಡರೆ ಮನುಷ್ಯ ಔಟ್! ಗೋಡೆಯ ಬೋರ್ಡಿನಲ್ಲಿ ಅದನ್ನೇ ಬರೆದಿದ್ದರು. ನಾನು ಓದಿದ್ದೆ.

ಉಸಿರು ಬಿಗಿಹಿಡಿದೆ...

"ಯಾರು ಕಳಿಸ್ಯಾರಲೇ ನಿನ್ನ?" ಹಿಂದಿನಿಂದ ಗುರುಬಸವ. ಹುಬ್ಬಳ್ಳಿಯವನು. ಮೆಲ್ಬರ್ನ್ ಹೊರವಲಯದ ಡ್ಯಾಂಡಿನಾಂಗ್‌ನಲ್ಲಿರುವ ಈ ವೈನ್ ಶೆಡ್ ಅವನದು. ಸಂಜು ಅವನ ತಮ್ಮ.

ಕಳಿಸಿದ್ದು ಅರುಂಧತಿ ಆಂಟಿ. ಸಿಡ್ನಿಯ ಪೆಂಡಲ್ ಹಿಲ್‌ನಲ್ಲಿ ನನ್ನ ಮನೆಯ ಹಿಂದಿನ ಬೀದಿಯವರು. ಪೊಲೀಸರ ಹತ್ತಿರ ಹೋಗಲು ಮುಜುಗರವಾದ ನಮ್ಮ ಜನ ನನ್ನ ಹತ್ತಿರ ಬರುತ್ತಾರೆ. ಅದೇ ನನ್ನ ಕಸುಬು. ಮೆಲ್ಬರ್ನ್‌ನಲ್ಲಿದ್ದ ಆಂಟಿಯ ಮಗಳು ಕೃಪಾ ಮೂರು ದಿನದಿಂದ ಫೋನ್ ಎತ್ತಿರಲಿಲ್ಲ.

"ಪೊಲೀಸ್ ಬೇಡಪ್ಪ ಇಂದ್ರೇಶ್. ಅವಳು ಹೆಂಡ ಮಾಡೋ ಕಡೆ ಕೆಲಸದಲ್ಲಿದ್ದಾಳೆ ಅಂತ ಕನ್ನಡ ಸಂಘದಲ್ಲಿ ಗೊತ್ತಾದ್ರೆ ನಾನು ತಲೆ ಎತ್ಕೊಂಡು ಓಡಾಡೋದು ಹೇಗೆ?"

ಬೆಳಗಿನ ಫ್ಲೈಟ್ ಹಿಡಿದೆ. ಮೆಲ್ಬರ್ನ್‌ನ ಕ್ರಾನ್‌ಬರ್ನ್‌ನಲ್ಲಿ ಕೃಪಾಳ ರೂಮ್‌ಮೇಟ್ ಶೆಡ್ಡಿನ ಅಡ್ರೆಸ್ ಕೊಟ್ಟಳು. ಜೊತೆಗೆ ಇಡೀ ಕತೆ.

ಮೆಲ್ಬರ್ನ್ ಪಕ್ಕದ ಯಾರಾ ವ್ಯಾಲಿ ವೈನಿಗೆ ಹೆಸರಾದ ಚಳಿಯ ಜಾಗ. ದ್ರಾಕ್ಷಿ ನಿಧಾನವಾಗಿ ಹಣ್ಣಾಗುತ್ತೆ. ಅಲ್ಲಿನ ಪಿನೋ ನ್ವಾರ್ ವೈನ್ ತೆಳು ಕೆಂಪು, ಗ್ಲಾಸಿನ ಹಿಂದೆ ಬೆರಳಿಟ್ಟರೆ ಕಾಣಬೇಕು. ಗುರುಬಸವ ಬಿಸಿಲೂರಿನ ಅಗ್ಗದ ದ್ರಾಕ್ಷಿ ಹುಳಿಸಿ ಯಾರಾ ಲೇಬಲ್ ಅಂಟಿಸುತ್ತಿದ್ದ. ಜನ್ಮದಲ್ಲಿ ಒಂದು ತೊಟ್ಟು ಕುಡಿದವನಲ್ಲ. ಕಪ್ಪಗಿದ್ದಷ್ಟೂ ಒಳ್ಳೆಯದು ಅಂದುಕೊಂಡಿದ್ದ, ಪುಣ್ಯಾತ್ಮ! ಅವನ ಲ್ಯಾಬ್ ನೋಡಿಕೊಳ್ಳುತ್ತಿದ್ದ ಕೃಪಾ, ಇದು ಯಾರಾ ಪಿನೋ ಅನ್ನೋ ಸರ್ಟಿಫಿಕೇಟಿಗೆ ಸಹಿ ಹಾಕಲ್ಲ ಅಂದಳು. ಅಂದಿನಿಂದ ನಾಪತ್ತೆ.

ಮಧ್ಯಾಹ್ನ ಶೆಡ್ಡಿಗೆ ಬಂದು "ಕೃಪಾ ಎಲ್ಲಿ?" ಅಂದೆ. ಸಂಜು ಕಬ್ಬಿಣದ ರಾಡಿನಿಂದ ಪಕ್ಕೆಗೆ ಬಾರಿಸಿದ. ಹಾಗೆ ತೊಟ್ಟಿಗೆ ಬಂದೆ, ನೋಡಿ.

"ಬಾಯಿ ಬಿಡವಲ್ಲ ಅಣ್ಣಾ," ಅಂದ ಸಂಜು. ನನ್ನನ್ನು ಇನ್ನಷ್ಟು ಒತ್ತಲು ತಾನೂ ಬಗ್ಗಿದ. ಬಗ್ಗಿ ಗಹಗಹಿಸಿ ನಕ್ಕ.

ನಗಬೇಕಾದರೆ ಉಸಿರು ಎಳೆದುಕೊಳ್ಳಲೇಬೇಕು.

ಕತ್ತಿನ ಮೇಲಿನ ಕೈ ಸಡಿಲವಾಯಿತು. ತಲೆ ಹೊರಗೆಳೆದುಕೊಂಡೆ. ಅವನು ನನ್ನ ಪಕ್ಕದಲ್ಲೇ ಜಾರಿ ತಲೆಕೆಳಗಾಗಿ ತೊಟ್ಟಿಗೆ ಬಿದ್ದ.

ಗುರುಬಸವ ಓಡಿ ಬಂದು ತೊಟ್ಟಿಗೆ ಬಗ್ಗಿದ. ಕಾಲರ್ ಹಿಡಿದು ಹಿಂದಕ್ಕೆಳೆದೆ. ಅವನು ತಮ್ಮನ ರಾಡ್ ಎತ್ತಿ ಬೀಸಿದ. ನನ್ನ ಮೊಣಕೈ ಅವನ ಮೂಗಿಗೆ ಹೋಯಿತು. ಮೂಳೆ ಲಟಕ್ ಅಂತು.

"ಕೃಪಾ ಎಲ್ಲಿ?"

"ಕೋಲ್ಡ್ ರೂಮಿನಾಗ... ಕೀಲಿ ತಮ್ಮನ ಕಿಸೆದಾಗ ಐತಿ."

ಗ್ಯಾಸ್ ಹೊರಗೆ ಹೋಗಲಿ ಅಂತ ಶೆಡ್ಡಿನ ಶಟರ್ ಎತ್ತಿದೆ. ತೊಟ್ಟಿಯ ತಳದಲ್ಲಿದ್ದ ಬಾಗಿಲಿನ ಚಿಲಕವನ್ನು ರಾಡಿನಿಂದ ಒಡೆದೆ. ವೈನು, ಸಿಪ್ಪೆ, ಸಂಜು... ಎಲ್ಲ ಒಟ್ಟಿಗೆ ನೆಲಕ್ಕೆ ಬಂತು. ಅವನು ಉಸಿರಾಡುತ್ತಿರಲಿಲ್ಲ. ನಾನು ಮೊದಲು ಕೀಲಿ ತೆಗೆದೆ. ನಾಚಿಕೆಯೇನಿಲ್ಲ. ಗುರುಬಸವ ಮಂಡಿಯೂರಿ ತಮ್ಮನ ಎದೆ ಗುದ್ದುತ್ತಲೇ ಇದ್ದ.

ಕೃಪಾ ಕಾರ್ಟನ್‌ಗಳ ನಡುವೆ ಮುದುರಿ ಕೂತಿದ್ದಳು. ಎಡಗೈಯ ಮೂರು ಬೆರಳು ಸೊಟ್ಟಗಾಗಿ ಊದಿದ್ದವು.

"ಸಹಿಗೆ ಬಲಗೈ ಬೇಕಲ್ವಾ ಅವನಿಗೆ," ಅಂದಳು. "ಅದಕ್ಕೇ ಎಡಗೈ. ದಿನಕ್ಕೊಂದು."

"ಹಾಕಿದ್ಯಾ?"

"ಇಲ್ಲ ಅಂಕಲ್."

ನನಗೆ ಅಳು ಬಂತು. ಈ ಕಸುಬಿನಲ್ಲಿ ಅದು ಅಪರೂಪ. ಟ್ರಿಪಲ್ ಝೀರೋಗೆ, ಅಂದರೆ ಇಲ್ಲಿನ ಪೊಲೀಸ್-ಆಂಬುಲೆನ್ಸ್ ನಂಬರಿಗೆ, ಫೋನ್ ಮಾಡಿದೆ. ಆಮೇಲೆ ಆಂಟಿಗೆ.

"ಬದುಕಿದ್ದಾಳೇನಪ್ಪಾ?"

"ಬದುಕಿದ್ದಾಳೆ."

ಅತ್ತರು. ತುಂಬ ಹೊತ್ತು ಅತ್ತರು. ಆಮೇಲೆ ದನಿ ತಗ್ಗಿಸಿದರು.

"ಪೊಲೀಸರಿಗೆ ಗೊತ್ತಾಯ್ತಾ?"

"ದಿನಕ್ಕೊಂದು ಬೆರಳು ಮುರಿದಿದ್ದಾನೆ ಆಂಟಿ. ಮೊದಲ ದಿನವೇ ಅವರಿಗೆ ಗೊತ್ತಾಗಿದ್ದಿದ್ರೆ ಒಂದರಲ್ಲೇ ಮುಗೀತಿತ್ತು."