ಒಳಗೆ ಯಾರಿದ್ದೀರಿ?

ದಿಡ್ಡಿಗಾವಲು ಅಂದು ಬೆಳಿಗ್ಗೆ ಜಾಲದೊಳಕ್ಕೆ ಇಳಿಯಿತು. ಮಧ್ಯಾಹ್ನದ ಹೊತ್ತಿಗೆ ನಾಡಿನ ಹಳೆಯ ಕಂಪ್ಯೂಟರುಗಳ ತೆರೆದ ಬಾಗಿಲುಗಳು ಒಂದೊಂದಾಗಿ ಮುಚ್ಚತೊಡಗಿದವು.

ಕಂಪ್ಯೂಟರನ್ನು ನಡೆಸುವ ಮೂಲ ತಂತ್ರಾಂಶಕ್ಕೂ ಮುಪ್ಪುಂಟು. ಮಾಡಿದವರು ರಿಪೇರಿ ನಿಲ್ಲಿಸಿದ ಮೇಲೆ ಅದರ ಬಿರುಕುಗಳನ್ನು ಮೆತ್ತುವವರಿಲ್ಲ. ಅಂತರಜಾಲಕ್ಕೆ ಜೋಡಿಸಿದ್ದರೆ ಕಳ್ಳರು ಅಲ್ಲಿಂದ ನುಸುಳುತ್ತಾರೆ, ನೆರೆಯ ಯಂತ್ರಗಳಿಗೂ ದಾಟುತ್ತಾರೆ. ಡಾ. ಮಂದಾಕಿನಿ ರೂಪಿಸಿದ ದಿಡ್ಡಿಗಾವಲು ಅದೇ ಬಿರುಕಿನಿಂದ ಹೊಕ್ಕು, ಒಳಗಿನಿಂದ ಅಗುಳಿ ಹಾಕುವ ತಂತ್ರಾಂಶ. ಹಾಕಿದ ಅಗುಳಿಯನ್ನು ಆಕೆಯೂ ತೆಗೆಯಲಾರಳು. ಅದೇ ಅದರ ಹೆಚ್ಚುಗಾರಿಕೆ.

ಬೆಣ್ಣಿಹಾಳದ ಅಡಿವೆಪ್ಪನ ಉಸಿರಾಟದ ಯಂತ್ರವನ್ನು ಅಂಥದೊಂದು ಹಳೆಯ ಕಂಪ್ಯೂಟರು ನಡೆಸುತ್ತಿತ್ತು. ಮಾಡಿದ ಕಂಪನಿ ಎಂದೋ ಮುಚ್ಚಿತ್ತು. ಅದರ ಗುಪ್ತಪದ ಯಾರಿಗೂ ತಿಳಿಯದು. ಪಟ್ಟಣದ ಆಸ್ಪತ್ರೆಯಲ್ಲಿ ಯಂತ್ರಗಳನ್ನು ನೋಡಿಕೊಳ್ಳುವ ರಾಜೇಸಾಬ ಬಿರುಕಿನಿಂದಲೇ ಒಳಹೋಗಿ, ಕುಳಿತಲ್ಲಿಂದ ಗಾಳಿಯ ಒತ್ತಡ ಸರಿಪಡಿಸುತ್ತಿದ್ದ. ಅಂದು ಅಡಿವೆಪ್ಪನಿಗೆ ಜ್ವರ ಏರಿ, ಗಾಳಿ ಸಾಲದಾಯಿತು. ರಾಜೇಸಾಬ ಎಷ್ಟು ತಟ್ಟಿದರೂ ದಿಡ್ಡಿಗಾವಲು ಮುಚ್ಚಿದ್ದ ಬಾಗಿಲು ತೆರೆಯಲಿಲ್ಲ. ಅದೇ ಪಟ್ಟಣದಲ್ಲಿದ್ದ ಮಂದಾಕಿನಿಗೆ ಸುದ್ದಿ ಮುಟ್ಟಿಸಿ, ಬೇರೆ ಯಂತ್ರ ಹುಡುಕಲು ಓಡಿದ.

ಮಂದಾಕಿನಿ ಬೆಣ್ಣಿಹಾಳದ ಮನೆಗೆ ಬಂದಾಗ ಅಡಿವೆಪ್ಪನ ಹೆಂಡತಿ ಗುರುಬಸವ್ವ ರಬ್ಬರಿನ ಚೀಲ ಹಿಚುಕಿ ಹಿಚುಕಿ ಗಂಡನಿಗೆ ಉಸಿರು ಕೊಡುತ್ತಿದ್ದಳು. ಬೆರಳು ಸೋತಿದ್ದವು. ಮಂದಾಕಿನಿ ಚೀಲವನ್ನು ತಾನು ತೆಗೆದುಕೊಂಡು, ತಾನಾರೆಂಬುದನ್ನು ಹೇಳಿದಳು.

“ಕಳ್ಳರ ದಾರಿ ಅಂತ ಮುಚ್ಚಿದೆನಮ್ಮ.”

ಗುರುಬಸವ್ವ ಗಂಡನ ಹಣೆಯ ಬೆವರು ಒರೆಸಿದಳು.

“ಮುಚ್ಚಿದ್ದು ತಪ್ಪಲ್ರಿ ಅಕ್ಕಾರ. ನಮ್ಮ ಗುಡಿ ಪೂಜಾರಿನೂ ದಿನಾ ಸಂಜೀಕ ಕೀಲಿ ಹಾಕತಾನ. ಹಾಕೂ ಮುಂದ, ಒಳಗ ಯಾರದೀರಿ ಅಂತ ಕೂಗತಾನ. ಕಂಬದ ಹಿಂದ ಯಾರರೆ ಕಣ್ಣು ಮುಚ್ಚಿ ಕುಂತಿರತಾರ. ನಿಮ್ಮ ಕಾವಲುಗಾರ ಒಂದು ಮಾತು ಕೂಗಲಿಲ್ಲಲ್ರಿ.”

ಮಂದಾಕಿನಿ ತನ್ನ ಅಂಗೈಯ ಹಿಡಿತಕ್ಕೆ ತಕ್ಕಂತೆ ಮನುಷ್ಯನೊಬ್ಬನ ಎದೆ ಏರಿಳಿಯುವುದನ್ನು ನೋಡುತ್ತ ಕುಳಿತಳು. ರಾಜೇಸಾಬ ಹೊಸ ಯಂತ್ರ ಹೊತ್ತು ತರುವವರೆಗೆ ಇಬ್ಬರೂ ಸರದಿಯಂತೆ ಆ ಉಸಿರನ್ನು ಕಾದರು. ದೇವರು ಅದನ್ನು ಉಳಿಸಿದ.

ಆಮೇಲೆ ಆಕೆ ದಿಡ್ಡಿಗಾವಲಿಗೆ ಕೂಗುವುದನ್ನು ಕಲಿಸಿದಳು. ಈಗ ಅದು ಅಗುಳಿಗೆ ಕೈಯಿಡುವ ಮುನ್ನ ಪರದೆಯ ಮೇಲೆ ಕೇಳುತ್ತದೆ: ಒಳಗೆ ಯಾರಿದ್ದೀರಿ? ಉತ್ತರ ಬಂದರೆ ಹೊಸ್ತಿಲಲ್ಲೇ ಕಾವಲು ಕೂರುತ್ತದೆ. ಮನುಷ್ಯರು ಹೋಗಿ ಬೇರೆ ದಾರಿ ಮಾಡಿಕೊಟ್ಟ ಮೇಲೆಯೇ ಬಾಗಿಲು ಮುಚ್ಚುತ್ತದೆ. ಒಂದು ದಿನದಲ್ಲಿ ಮುಗಿಯಬೇಕಾಗಿದ್ದ ಕೆಲಸ ವರ್ಷಗಟ್ಟಲೆ ಹಿಡಿಯಿತು. ಪಾಳು ಎಂದುಕೊಂಡಿದ್ದ ಯಂತ್ರಗಳಿಂದೆಲ್ಲ ಉತ್ತರ ಬರುತ್ತಲೇ ಇತ್ತು.

ಆ ಉತ್ತರಗಳಲ್ಲಿ ಮೊದಲನೆಯದು ಗಡಿಯ ಹಳ್ಳಿಯೊಂದರ ಹೆರಿಗೆ ಆಸ್ಪತ್ರೆಯಿಂದ ಬಂತು: “ನಾವದೀವ್ರಿ. ಬರ್ರಿ.”

ಮಂದಾಕಿನಿ ಪರದೆಗೆ ಕೈಮುಗಿದು, ಚಪ್ಪಲಿ ಮೆಟ್ಟಿಕೊಂಡಳು.