ಟ್ರೇಲರಿನ ಹಿಂದೆ ನಿಲ್ಲುವವರು

"ಹಿಮ್ಮಡಿ ಎತ್ತಬೇಡ," ಎಂದಳು ಅಮ್ಮ.

"ಎತ್ತಿಲ್ಲ."

"ಎತ್ತಿದ್ದೀಯ ಮಾರ್ನಿ. ನಂಗೆ ಕಾಣಿಸ್ತಿದೆ."

ಮಾರ್ನಿ ಹಿಮ್ಮಡಿ ಇಳಿಸಿ, ಟ್ರೇಲರಿನ ಬೆನ್ನಿಗೆ ತನ್ನ ಬೆನ್ನು ಒತ್ತಿ, ಉಸಿರು ಬಿಗಿಹಿಡಿದು ನಿಂತಳು. ಅಮ್ಮ ಅವಳ ನೆತ್ತಿಯ ಮೇಲೆ ಸ್ಕೇಲ್ ಇಟ್ಟು ನೋಡಿದಳು. ಸ್ಕೇಲ್ ಹಿಂದಿನ ಕಿಟಕಿಯ ಕೆಳ ಅಂಚಿಗೆ ಸರಿಯಾಗಿ ತಾಗಿತು.

ಇದಕ್ಕಾಗಿಯೇ ಅವಳು ಮೂರು ಬೇಸಿಗೆ ಕಾದಿದ್ದಳು. ಟ್ರೇಲರ್ ಅಂದರೆ ಚಕ್ರದ ಮೇಲಿನ ಪುಟ್ಟ ಮನೆ. ಅಪ್ಪನ ಪಿಕಪ್ ಮುಂದಕ್ಕೆ ಎಳೆದರೆ ತೆಪ್ಪಗೆ ಹಿಂದೆ ಬರುತ್ತದೆ. ರಿವರ್ಸ್ ಅಂದರೆ ಮಾತ್ರ ಹಠಮಾರಿ ಕರುವಿನ ಹಾಗೆ, ಅಪ್ಪ ಒಂದು ಕಡೆ ತಿರುಗಿಸಿದರೆ ಅದು ಇನ್ನೊಂದು ಕಡೆ. ಆಗ ಯಾರಾದರೂ ಹಿಂದೆ, ಅಪ್ಪನ ಕನ್ನಡಿಯಲ್ಲಿ ಕಾಣುವ ಜಾಗದಲ್ಲಿ ನಿಂತು ಸನ್ನೆ ಮಾಡಬೇಕು. ಎರಡೂ ಕೈ ತನ್ನ ಕಡೆಗೆ ಬೀಸಿದರೆ 'ಬಾ, ಬಾ'. ಮುಷ್ಟಿಗಳನ್ನು ಎದೆಯ ಮುಂದೆ ಅಡ್ಡ ಹಿಡಿದರೆ 'ನಿಲ್ಲು'.

ಇಷ್ಟು ವರ್ಷ ಅದು ತಾತನ ಕೆಲಸವಾಗಿತ್ತು. "ನೀನು ಕಿಟಕಿ ಮುಟ್ಟಿದ ದಿನ ನನ್ನ ಜಾಗ ನಿಂಗೆ," ಎಂದು ತಾತ ಗುಟ್ಟಾಗಿ ಹೇಳಿದ್ದರು. ಈಗ ತಾತನಿಗೆ ಮಂಡಿ ಆಪರೇಷನ್ ಆಗಿ, ಈ ಸಲ ಅವರು ಬರುತ್ತಿಲ್ಲ. ಪ್ರಯಾಣವೋ ಸಣ್ಣದಲ್ಲ. ತಮ್ಮೂರು ಮೂಸ್ ಜಾದಿಂದ ಹೊರಟು, ಗೋಧಿ ಬಯಲೆಲ್ಲ ದಾಟಿ, ಹಿಮದ ಬೆಟ್ಟ ಹತ್ತಿಳಿದು, ಸಮುದ್ರದವರೆಗೆ.

ಆ ರಾತ್ರಿ ಊಟದ ಮೇಜಿನ ಮೇಲೆ ಮ್ಯಾಪ್ ಹರಡಿ, ಅದು ಮಡಚಿಕೊಳ್ಳದಂತೆ ಮೂಲೆಗೊಂದು ಪೆರೋಗಿ ಕಡುಬಿನ ತಟ್ಟೆ ಇಟ್ಟು, ಅಪ್ಪ ಕೆಲಸ ಹಂಚಲು ಕೂತ. ಅಡುಗೆ ಸಾಮಾನು ಅಮ್ಮನಿಗೆ. ಫ್ರಿಜ್ ತುಂಬಿಸುವುದು, ಆಟದ ಸಾಮಾನು ಆರಿಸುವುದು ಮಾರ್ನಿಗೆ.

"ಹಿಂದೆ ನಿಲ್ಲೋದು ಎಮೆಟ್," ಎಂದ ಅಪ್ಪ.

ಮಾರ್ನಿಯ ಬಾಯಲ್ಲಿದ್ದ ಪೆರೋಗಿ ಅಲ್ಲೇ ನಿಂತಿತು.

ಎಮೆಟ್ ಲೋರ್ನಾ ಅತ್ತೆಯ ಮಗ. ಅತ್ತೆ ಆಸ್ಪತ್ರೆಯಲ್ಲಿ ನರ್ಸ್. ಬೇಸಿಗೆಯಿಡೀ ಅವಳಿಗೆ ಹಗಲೂ ಡ್ಯೂಟಿ, ರಾತ್ರಿಯೂ ಡ್ಯೂಟಿ. ಅದಕ್ಕೇ ಎಮೆಟ್ ಬ್ಯಾಗ್ ಹಿಡಿದು ಇವರ ಮನೆಗೆ ಬಂದಿದ್ದ. ಬಂದವನು ಸುಮ್ಮನೆ ಇದ್ದನೇ? ಶೆಡ್ಡಿನಿಂದ ಟ್ರೇಲರ್ ತರಲು ಅಪ್ಪನ ಜೊತೆ ಹೋಗಿ, ಒಂದು ಟೈರಿನ ಗಾಳಿ ಕಮ್ಮಿಯಾಗಿದ್ದನ್ನು ದೂರದಿಂದಲೇ ಕಂಡುಹಿಡಿದಿದ್ದ. ಅಂದಿನಿಂದ ಅಪ್ಪ ಸಿಕ್ಕಿದವರಿಗೆಲ್ಲ ಅದೇ ಕತೆ ಹೇಳುತ್ತಿದ್ದ. "ಕಣ್ಣಲ್ಲ ಅದು, ಗಾರೆಯವರ ರಸಮಟ್ಟ."

ಇವತ್ತು ಮಾರ್ನಿ ಕಿಟಕಿ ಮುಟ್ಟಿದ್ದಾಳೆ ಎಂದು ಅಮ್ಮ ನೆನಪಿಸಿದಳು.

"ಹೌದಾ? ಅಯ್ಯೋ, ಇವನಿಗೆ ನಿನ್ನೇನೇ ಮಾತು ಕೊಟ್ಬಿಟ್ಟೆ ಕಣೇ," ಎಂದ ಅಪ್ಪ. "ಮುಂದಿನ ವರ್ಷ ನೀನೇ ನಿಲ್ಲುವೆಯಂತೆ."

"ಯಾವ ಕಿಟಕಿ? ಹಿಂದಿಂದಾ?" ಎಮೆಟ್ ಪಾಪದ ಮುಖ ಮಾಡಿಕೊಂಡು ಕೇಳಿದ. "ಅದು ನಂಗೆ ಮೂಗಿನವರೆಗೆ ಬರುತ್ತೆ."

ಅವನು ಅಣಕಿಸಲು ಹೇಳಿದ ಮಾತಲ್ಲ ಅದು. ಅಣಕಿಸಿದ್ದರೇ ವಾಸಿಯಿತ್ತು, ತಿರುಗಿ ಏನಾದರೂ ಅನ್ನಬಹುದಿತ್ತು. ಮಾರ್ನಿ ತಟ್ಟೆ ಸರಿಸಿ ಎದ್ದುಹೋದಳು. ಹಾಸಿಗೆಯಲ್ಲಿ ಮಲಗಿಯೂ ಅದನ್ನೇ ಲೆಕ್ಕ ಹಾಕಿದಳು. ಅವನು ಕಾಯಲೂ ಇಲ್ಲ, ಅಳತೆ ಕೊಡಲೂ ಇಲ್ಲ. ಉದ್ದ ಇದ್ದಾನೆ, ಅಷ್ಟೇ.

ಭಾನುವಾರ ಬೆಳಿಗ್ಗೆ ಅಭ್ಯಾಸ. ಬೆಟ್ಟದ ಕ್ಯಾಂಪುಗಳಲ್ಲಿ ಮರಗಳ ನಡುವೆ ಜಾಗ ಇಕ್ಕಟ್ಟು. ಅದಕ್ಕೆ ಮೊದಲು ಮನೆಯ ಪಕ್ಕ, ಬೇಲಿಯ ಕಂಬ ತಪ್ಪಿಸಿ ಟ್ರೇಲರ್ ಒಳಗೆ ತರಬೇಕು ಎಂದಿದ್ದ ಅಪ್ಪ. ಎಮೆಟ್ ಅಪ್ಪನ ಸೀಟಿರುವ ಎಡಗಡೆ ಹಿಂದೆ ಹೋಗಿ, ಕನ್ನಡಿಯಲ್ಲಿ ಅಪ್ಪನ ಮುಖ ಕಾಣುವಲ್ಲಿ ನಿಂತ. ಬಲಗಡೆ ಜಗಲಿಯ ಮೇಲೆ ಮಾರ್ನಿ ಕೆಚಪ್ ಚಿಪ್ಸ್ ತಿನ್ನುತ್ತ ಕೂತಿದ್ದಳು.

ಅವಳಿಗೆ ಮೆಟ್ಟಿಲು ಕಂಡಿತು.

ಟ್ರೇಲರಿನ ಬಾಗಿಲ ಕೆಳಗೆ ಮಡಚುವ ಕಬ್ಬಿಣದ ಮೆಟ್ಟಿಲಿದೆ. ತಟ್ಟೆ ಲೋಟ ಜೋಡಿಸಿಟ್ಟು ಈಗಷ್ಟೇ ಇಳಿದ ಅಮ್ಮ ಅದನ್ನು ಮಡಚಲು ಮರೆತಿದ್ದಳು. ಅದು ಬಲಗಡೆಗೆ ನಾಲಿಗೆ ಚಾಚಿದ ಹಾಗೆ ಹೊರಗೇ ಇತ್ತು. ಎಡಗಡೆ ನಿಂತ ಎಮೆಟ್‌ಗೆ ಅದು ಕಾಣುವ ಹಾಗಿರಲಿಲ್ಲ.

ತಾತನಿಗಾದರೆ ಕಾಣುತ್ತಿತ್ತು. ತಾತ ಕೈ ಎತ್ತುವ ಮೊದಲು ಟ್ರೇಲರಿಗೆ ಒಂದು ಸುತ್ತು ಬರುತ್ತಿದ್ದರು. ಚಕ್ರ, ವೈರು, ಮೆಟ್ಟಿಲು, ಎಲ್ಲವನ್ನೂ ಬಗ್ಗಿ ನೋಡುತ್ತಿದ್ದರು. ಅವರ ಹಿಂದೆ ಹಿಂದೆಯೇ ಸುತ್ತುತ್ತಿದ್ದ ಮಾರ್ನಿಗೆ ಅದು ಗೊತ್ತು. ಎಮೆಟ್‌ಗೆ ಯಾರೂ ಹೇಳಿರಲಿಲ್ಲ.

ಒಂದು ಕೂಗು ಹಾಕಿದ್ದರೆ ಸಾಕಿತ್ತು. 'ರಸಮಟ್ಟ ಅಲ್ವಾ, ನೋಡಿಕೊಳ್ಳಲಿ,' ಎಂದುಕೊಂಡು ಮಾರ್ನಿ ಇನ್ನೊಂದು ಚಿಪ್ಸ್ ಬಾಯಿಗಿಟ್ಟಳು.

ಎಮೆಟ್ 'ಬಾ, ಬಾ' ಎಂದು ಕೈ ಬೀಸಿದ. ಟ್ರೇಲರ್ ಚೆನ್ನಾಗಿಯೇ ಬಂತು, ಕಂಬದ ತನಕ. ಆಮೇಲೆ ಮೆಟ್ಟಿಲು ಕಂಬಕ್ಕೆ ಸಿಕ್ಕಿ, ಕಟಕಟ ಎಂದು ಕಬ್ಬಿಣ ನುಲಿಯುವ ಸದ್ದು.

ತಾನೇ ಮರೆತೆ ಎಂದು ಅಮ್ಮ ಓಡಿಬಂದಳು. ಅಪ್ಪ ಇಳಿದುಬಂದು ಸೊಟ್ಟಗಾದ ಮೆಟ್ಟಿಲನ್ನು ನೋಡಿದ. ಬೈಯಲಿಲ್ಲ.

"ಬಿಟ್ಟವರು ಯಾರೇ ಆಗಲಿ," ಎಂದ. "ಹಿಂದೆ ನಿಂತವರೇ ಇಡೀ ಗಾಡಿಗೆ ಜವಾಬ್ದಾರಿ. ನಮ್ಮಪ್ಪ ನಂಗೆ ಹೇಳಿದ್ದು ಅದನ್ನೇ."

"ನಾನು ನೋಡ್ಲಿಲ್ಲ ಮಾವ," ಎಂದ ಎಮೆಟ್. ಕೈಗಳನ್ನು ಕಂಕುಳಲ್ಲಿ ಅವಿತಿಟ್ಟುಕೊಂಡು ನಿಂತ.

ಮಧ್ಯಾಹ್ನ ಮಾರ್ನಿ ಟವೆಲ್ ತರಲು ಹೋದಾಗ, ವಾಷಿಂಗ್ ಮೆಷಿನ್ ಇರುವ ಕೋಣೆಯ ಬಾಗಿಲು ಅರ್ಧ ತೆರೆದಿತ್ತು. ಒಳಗೆ ಬಟ್ಟೆ ರಾಶಿಯ ಮೇಲೆ ಕೂತು ಎಮೆಟ್ ಫೋನಿನಲ್ಲಿ ಮಾತಾಡುತ್ತಿದ್ದ.

"ಇಲ್ಲಮ್ಮ, ಈಗ ಆ ಕೆಲಸ ನಂದಲ್ಲ. ಮಾರ್ನಿ ಮಾಡಲಿ ಅಂತ ನಾನೇ ಹೇಳ್ದೆ." ಅತ್ತ ಕಡೆಯ ಮಾತು ಕೇಳಿ, ಮತ್ತೆ ಹೇಳಿದ. "ಯಾರೂ ಬೈಲಿಲ್ಲ. ನಾನು ಪಾತ್ರೆ ತೊಳೀತೀನಿ. ಅಮ್ಮ, ನೀನು ಇವತ್ತಾದ್ರೂ ಮಲಗಿದ್ಯಾ?"

ಮಾರ್ನಿ ಟವೆಲ್ ತೆಗೆದುಕೊಳ್ಳದೆ ವಾಪಸ್ ಬಂದಳು.

ಸಂಜೆಯ ಹೊತ್ತಿಗೆ ಅಪ್ಪ ಸುತ್ತಿಗೆಯಿಂದ ಬಡಿದು ಮೆಟ್ಟಿಲನ್ನು ಒಂದು ಮಟ್ಟಿಗೆ ನೆಟ್ಟಗೆ ಮಾಡಿದ. ಮಡಚಿದರೆ ಕಿರ್ ಅನ್ನುತ್ತಿತ್ತು, ಆದರೆ ಮಡಚುತ್ತಿತ್ತು. "ಬಾ ಮಾರ್ನಿ," ಎಂದು ಕರೆದ. "ಕಿಟಕಿ ಮುಟ್ಟಿದವಳಲ್ವಾ. ತೋರಿಸು ನೋಡೋಣ."

ಮಾರ್ನಿ ಮೊದಲು ಒಂದು ಸುತ್ತು ಹೊರಟಳು. ಚಕ್ರ ನೋಡಿದಳು, ವೈರು ನೋಡಿದಳು. ಬಲಗಡೆಗೆ ಬಂದಾಗ ಎಮೆಟ್ ಆಗಲೇ ಅಲ್ಲಿ ಮೊಣಕಾಲೂರಿದ್ದ. ಮಡಚಿದ ಮೆಟ್ಟಿಲನ್ನು ಅಲ್ಲಾಡಿಸಿ ನೋಡಿದ, ಇನ್ನೊಮ್ಮೆ ಅಲ್ಲಾಡಿಸಿದ.

"ಇದು ಸರಿ ಇದೆ. ನೀನು ಹೋಗು," ಎಂದ.

ಅವಳು ಹೋಗಿ ತಾತನ ಜಾಗದಲ್ಲಿ ನಿಂತಳು. ಉದ್ದನೆಯ ಕನ್ನಡಿಯಲ್ಲಿ ಅಪ್ಪನ ಟೋಪಿ, ಕಣ್ಣು ಕಂಡವು. ಇಷ್ಟು ದಿನ ಅವಳು ಮನಸ್ಸಿನಲ್ಲೇ ನೋಡಿದ್ದ ಹಾಗೇ ಇತ್ತು. ಅವಳು ಎರಡೂ ಕೈ ಎತ್ತಿದಳು. ಟ್ರೇಲರ್ ಅವಳ ಕಡೆಗೆ ಒಂದು ಗೇಣು ಸರಿಯಿತು.

ಮಾರ್ನಿ ಮುಷ್ಟಿಗಳನ್ನು ಎದೆಯ ಮುಂದೆ ಅಡ್ಡ ಹಿಡಿದಳು.

ಕೆಂಪು ಲೈಟ್ ಹೊತ್ತಿತು. ಅವಳು ಟ್ರೇಲರಿನ ಉದ್ದಕ್ಕೂ ನಡೆದು ಅಪ್ಪನ ಕಿಟಕಿಯ ಹತ್ತಿರ ಬಂದಳು.

"ಯಾಕೆ? ಏನಾದ್ರೂ ಅಡ್ಡ ಇದೆಯಾ?"

"ಇಲ್ಲ. ಬೆಳಿಗ್ಗೆ ಇತ್ತು. ಮೆಟ್ಟಿಲು ಹೊರಗಿದ್ದಿದ್ದು ನಂಗೆ ಕಂಡಿತ್ತು ಅಪ್ಪಾ." ಮಾರ್ನಿ ಕಿಟಕಿಯ ಅಂಚು ಹಿಡಿದಳು. "ತಾತ ಮೊದಲು ಒಂದು ಸುತ್ತು ಬರ್ತಾರೆ ಅನ್ನೋದೂ ಗೊತ್ತಿತ್ತು. ನಾನು ಹೇಳ್ಲಿಲ್ಲ."

ಅಪ್ಪ ಇಂಜಿನ್ ನಿಲ್ಲಿಸಿದ. ಕನ್ನಡಿಯ ಕಡೆ ನೋಡಿದ. ಮಾರ್ನಿಯೂ ಕಿಟಕಿಗೆ ಆತುಕೊಂಡು, ಅಪ್ಪ ನೋಡುತ್ತಿದ್ದ ಕನ್ನಡಿಯನ್ನೇ ನೋಡಿದಳು.

ಗಾಡಿ ಯಾಕೆ ನಿಂತಿತೋ ತಿಳಿಯದೆ ಎಮೆಟ್ ಹಿಂದೆ ಬಂದು ನಿಂತಿದ್ದ. ಕೈಗಳು ಮತ್ತೆ ಕಂಕುಳೊಳಗೆ ಸೇರಿದ್ದವು. ಅಷ್ಟು ದೊಡ್ಡ ಟ್ರೇಲರಿನ ಮೂಲೆಯಲ್ಲಿ ಅವನು ಬೆರಳುದ್ದ ಕಾಣುತ್ತಿದ್ದ. ಈ ಸಲವೂ ತನ್ನಿಂದಲೇ ಏನೋ ಆಯಿತೇನೋ ಎಂಬಂತೆ, ಕನ್ನಡಿಯಲ್ಲಿ ಯಾರದಾದರೂ ಮುಖ ಹುಡುಕುತ್ತಿದ್ದ.

ಹಿಂದೆ ನಿಂತವರು ಇಲ್ಲಿಂದ ಹೀಗೆ ಕಾಣುತ್ತಾರೆಂದು ಮಾರ್ನಿಗೆ ಗೊತ್ತಿರಲಿಲ್ಲ.

ಅವಳು ಕಿಟಕಿಯಿಂದ ಒಂದು ಹೆಜ್ಜೆ ಹೊರಗೆ ಸರಿದು, ಅವನಿಗೆ ಚೆನ್ನಾಗಿ ಕಾಣುವ ಹಾಗೆ ನಿಂತು, ಎರಡೂ ಕೈ ತನ್ನ ಕಡೆಗೆ ಬೀಸಿದಳು.

ಬಾ, ಬಾ.