ಫೋಂಡಾಕ್ಕ ಹೋದ ಸ್ಟಿಕ್ಕರ್

ಧಡಾರ್!

ಶಟರ್ ಅರ್ಧಕ್ಕಿಂತ ಕೆಳಗ ಬಂತು. ಸೈಬರ್ ಕೆಫೆದಾಗ ಕತ್ತಲಾತು. ಬಾಗಲಕ್ಕ ಅಡ್ಡ ದಸ್ತಗೀರ ನಿಂತಿದ್ದ. ಕೈಯಾಗ ಕಬ್ಬಿಣದ ರಾಡ್.

ನನ್ನ ಕೈಯಾಗ ಸ್ಕ್ರೂಡ್ರೈವರ್... ಅದೂ ಸಣ್ಣದು!

"ಆಪಾ, ಕೆಳಗ ಇಡು," ಅಂದ.

"ಯಾವದು? ಸ್ಕ್ರೂಡ್ರೈವರೋ, ಕಂಪ್ಯೂಟರಿನ ತಗಡೋ?"

"ಎರಡೂ!"

ದಸ್ತಗೀರ ಲೇಬರ್ ಕಾಂಟ್ರ್ಯಾಕ್ಟರ್ ಲೋಕಪ್ಪನ ಡ್ರೈವರ್. ಗಾಡಿ ಹೊಡಿಯೂದು ಕಡಿಮಿ, ಮಂದಿನ್ನ ಹೊಡಿಯೂದು ಹೆಚ್ಚು.

ನಾನಾ? ಸಕೀನಾ. ಗೋವಾದ ಝುವಾರಿನಗರದಾಗ ಯಾರನ್ನರ ಕೇಳ್ರಿ. ರೇಷನ್ ಕಾರ್ಡ್ ಎಲ್ಲ್ಯರ ಸಿಕ್ಕೊಂಡ್ರ, ಮಾಲಕ ಮನಿ ಸಾಮಾನ ಬೀದಿಗೆ ಒಗದ್ರ, ಗಂಡ ಇನ್ನೊಂದ ಮನಿ ಮಾಡಿದ್ರ... ನನ್ನ ಕಡೆ ಬರ್ತಾರ. ನಾ ಬಿಡಸ್ತೇನಿ. ಒಮ್ಮೊಮ್ಮೆ ಮಾತಿಲೆ. ಒಮ್ಮೊಮ್ಮೆ ಚಪ್ಪಲಿಲೆ.

ಆದ್ರ ಒಂದ ಸ್ಟಿಕ್ಕರಿನ ಸಲುವಾಗಿ ರಾಡಿನ ಮುಂದ ನಿಂತಿದ್ದು ಅದ ಮೊದಲ!

ಹೆಂಗ ನಿಂತ್ನಿ, ಕೇಳ್ರಿ. ಎರಡ ಸಾವಿರದ ಎಂಟನೇ ಇಸವಿ. ಅವತ್ತ ಮುಂಜಾನೆ ಲಕ್ಷ್ಮವ್ವ ನನ್ನ ಮನಿಗೆ ಬಂದಿದ್ಲು. ಬದಾಮಿ ಕಡೆಯಾಕಿ. ಫ್ಯಾಕ್ಟರಿಯಾಗ ಚೀಲ ಹೊರೂ ನಲವತ್ತ ಹೆಂಗಸರ ಗ್ಯಾಂಗಿಗೆ ಅಕಿನ ಮುಕಾದಮ್. ಯಾರ ಎದುರಿಗೂ ಅಳಾಕಿ ಅಲ್ಲ. ಅವತ್ತ ಕಣ್ಣ ಕೆಂಪಗಿದ್ವು.

"ಸಕೀನವ್ವಾ, ನಮ್ಮ ಗೇಟ್‌ಪಾಸ್ ಇವತ್ತ ಸಂಜೀಕ ಮುಗೀತಾವ. ಲೋಕಪ್ಪ ಹೊಸಾ ಪಾಸ್ ಕೊಡವಲ್ಲ."

"ಯಾಕಂತ?"

"ಕಂಪ್ಯೂಟರ್ ಕೆಟ್ಟಿತ್ತಂತ. ಒಳಗ ಹೊಸಾ ಡಿಸ್ಕ್ ಹಾಕಸ್ಯಾನಂತ. ಈಗ ಅದು ಲೈಸೆನ್ಸ್ ಕೇಳಾಕತ್ತೈತಂತ. ಲೈಸೆನ್ಸ್ ಅಮೇರಿಕಾದಿಂದ ಬರಬೇಕಂತ. ತಿಂಗಳ ಹಿಡಿತೈತಂತ!"

"ಹಡಗದಾಗ ಬರ್ತೈತೇನ?"

ಲಕ್ಷ್ಮವ್ವ ನಗಲಿಲ್ಲ.

"ಪಾಸ್ ಒಂದ ದಿನ ತಪ್ಪಿದ್ರ ನಾವು ಕೆಲಸ ಬಿಟ್ಟಂಗ. ಆಮ್ಯಾಲೆ ಹೊಸಬರು ಅಂತ ತಗೋತಾನ. ನಮ್ಮನ್ನ ಕಾಯಂ ಮಾಡ್ರಿ ಅಂತ ಲೇಬರ್ ಆಫೀಸಿನ್ಯಾಗ ಕೇಸ್ ಹಾಕೇವಿ. ಹೊಸಬರಿಗೆ ಯಾವ ಕೇಸು?"

ಈಗ ತಿಳೀತು. ಡಿಸ್ಕ್ ಸತ್ತಿದ್ದು ಖರೇ. ಲೋಕಪ್ಪ ಆ ಹೆಣದ ಮುಂದ ಕುಂತ ಹೋಳಿಗಿ ಉಣ್ಣಾಕತ್ತಿದ್ದ!

ಲೋಕಪ್ಪ ಮಡಗಾಂವಕ್ಕ ಹೋಗಿದ್ದ. ಸೀದಾ ಅವನ ಆಫೀಸಿಗೆ ಹೋದ್ನಿ. ಮಾಳಿಗಿ ಮ್ಯಾಲೆ ಒಂದ ಖೋಲಿ. ಒಳಗ ಕಂಪ್ಯೂಟರ್ ಹುಡುಗಿ ನಂದಾ ಒಬ್ಬಾಕೆನ ಕುಂತಿದ್ಲು. ನನ್ನ ನೋಡಿ ಎದ್ದ ನಿಂತ್ಲು.

"ನಂದಾ, ಅಮೇರಿಕಾದ ಹಡಗ ಎಲ್ಲಿಗೆ ಬಂತು?"

"ಅಮೇರಿಕಾ ಎಲ್ಲಿದ ಆಪಾ... ಒಂದ ಫೋನ್! ಅದೂ ಫುಕಟ್ ನಂಬರ್."

"ಏನ?"

"ಡಿಸ್ಕ್ ಬದಲಾದ್ರ ವಿಂಡೋಸ್ ಹೊಸದಾಗಿ ಹಾಕಬೇಕು. ಆಗ ಅದು 'ನೀ ಖರೇ ಗಿರಾಕಿ ಹೌದೋ ಅಲ್ಲೋ' ಅಂತ ಕೇಳ್ತೈತಿ. ಪರದೆ ಮ್ಯಾಲೆ ನಂಬರ್ ತೋರಸ್ತೈತಿ. ಕಂಪನಿಗೆ ಫೋನ್ ಮಾಡಿ ಹೇಳಬೇಕು. ಅವರು ತಿರುಗಿ ನಂಬರ್ ಕೊಡ್ತಾರ. ಅದನ್ನ ಹಾಕಿದ್ರ ಬಾಗಲಾ ತಗೀತೈತಿ. ಪಾಸಿನ ಫೋಟೋ, ಹೆಸರು, ಎಲ್ಲಾ ಒಳಗ ಹಾಕಿಟ್ಟೇನಿ."

"ಮತ್ತ ಫೋನ್ ಮಾಡವ್ವಾ!"

ಅಕಿ ಕಂಪ್ಯೂಟರ್ ಡಬ್ಬಿ ನನ್ನ ಕಡೆ ತಿರುಗಿಸಿದ್ಲು. ಮೈತುಂಬ ಧೂಳಾ. ನಡುವ ಒಂದ ಚೌಕ ಮಾತ್ರ ಸ್ವಚ್ಛ.

"ಇಲ್ಲಿ ಲೈಸೆನ್ಸಿನ ಸ್ಟಿಕ್ಕರ್ ಇತ್ತು. ಅದರ ಮ್ಯಾಲಿನ ಕೀ ನಂಬರ್ ಇಲ್ಲದ ಏನೂ ಆಗೂದಿಲ್ಲ. ಬಿಸಿ ಮಾಡಿ ಬಿಡಿಸ್ಯಾರ."

"ಯಾರು?"

ನಂದಾ ಬಾಗಲಾ ನೋಡಿದ್ಲು. ದನಿ ಇಳಿಸಿದ್ಲು.

"ದಸ್ತಗೀರಣ್ಣ. ಸಾವ್ಕಾರ್ರ ಹೆಂತಿ ತಮ್ಮ ಹುಲಿಗೆಪ್ಪ ಫೋಂಡಾದಾಗ ಸೈಬರ್ ಕೆಫೆ ತಗದಾನ. ಅಲ್ಲಿ ಕೌಂಟರಿನ ಕಂಪ್ಯೂಟರಿಗೆ ಹಚ್ಚ್ಯಾರ. ಅದ ಒಂದಕ್ಕ ಆ ಕೀ ಹಾಕಿ ನಡಸಾಕತ್ತಾರ."

ಒಂದ ಕಲ್ಲಿಗೆ ಎರಡ ಹಕ್ಕಿ ಹೊಡದಿದ್ದ ಮಗಾ! ಇಲ್ಲಿ ಹೆಂಗಸರು ಹೊರಗ... ಅಲ್ಲಿ ಮೈದುನ ಒಳಗ!

"ಬರಕೊಂಡ ಬರ್ತೇನಿ," ಅಂದ್ನಿ.

"ಸಾಲೂದಿಲ್ಲ ಆಪಾ. ಎಷ್ಟ ಕಂಪ್ಯೂಟರಿಗೆ ಹಾಕೀರಿ ಅಂತ ಫೋನಿನ್ಯಾಗ ಕೇಳ್ತಾರ. ಒಂದ ಲೈಸೆನ್ಸಿಗೆ ಒಂದ ಕಂಪ್ಯೂಟರ್. ಎರಡ ಅಂದ್ರ ಮುಗೀತು."

"ಒಂದ ಅನ್ನು!"

"ನನಗ ಸುಳ್ಳ ಹೇಳಾಕ ಬರೂದಿಲ್ಲ... ಬಾಯಿ ಒಣಗತೈತಿ."

ಲೋಕಪ್ಪನ ಆಫೀಸಿನ್ಯಾಗ ಇಷ್ಟ ವರ್ಷ ಕುಂತು ಸುಳ್ಳ ಕಲೀಲಾರದ ಹುಡುಗಿ! ಇಂಥಾಕಿನ್ನ ಗಾಜಿನ ಪೆಟ್ಟಿಗ್ಯಾಗ ಇಟ್ಟ ಟಿಕೆಟ್ ಹಚ್ಚಬೇಕ್ರಿ.

"ಆತವ್ವಾ. ನೀ ಖರೇನ ಹೇಳಬಹುದು, ಹಂಗ ಮಾಡ್ತೇನಿ. ವಿಂಡೋಸ್ ಕುಂತಿರೂ ಆ ಡಿಸ್ಕ್ ಹೆಂಗಿರ್ತೈತಿ, ಎಲ್ಲಿರ್ತೈತಿ... ಅಷ್ಟ ತೋರ್ಸು."

ತೋರ್ಸಿದ್ಲು. ಸ್ಕ್ರೂಡ್ರೈವರ್ ಕೊಟ್ಲು. ನಾ ಆಕ್ಟಿವಾ ಹತ್ತಿದ್ನಿ.

ಫೋಂಡಾದಾಗ ಹುಲಿಗೆಪ್ಪ ಕೌಂಟರಿನ್ಯಾಗ ಹಲ್ಲಾಗ ಕಡ್ಡಿ ಆಡಸ್ಕೋತ ಕುಂತಿದ್ದ. "ರಿಪೇರಿಗೆ ಬಂದೇನಿ, ಲೋಕಪ್ಪನವರು ಕಳಿಸ್ಯಾರ," ಅಂದ್ನಿ. ನಂಬಿದ! ಚಾ ಕುಡ್ಯಾಕ ಹೋದ! ಅಷ್ಟ ಶಾಣ್ಯಾ ಇದ್ದಿದ್ರ ಅಕ್ಕನ ಗಂಡನ ಸ್ಟಿಕ್ಕರ್ ಯಾಕ ಹಚ್ಚಕೋತಿದ್ದ?

ಸ್ಟಿಕ್ಕರ್ ಕೀಳಾಕ ಹೋದ್ರ ಹರಿಯಾಕ ಹತ್ತಿತು. ಸ್ಟಿಕ್ಕರ್ ಸಮೇತ ಡಬ್ಬಿ ಮಗ್ಗಲಿನ ತಗಡನ್ನ ಬಿಚ್ಚಿದ್ನಿ. ಒಳಗ ಕೈ ಹಾಕಿದ್ನಿ. ವಾಯರ್ ಎಳದ್ನಿ. ಡಿಸ್ಕ್ ಕೈಗೆ ಬಂತು. ಓಢಣಿಯಾಗ ಸುತ್ತಿ ಸೊಂಟಕ್ಕ ಕಟ್ಟಿದ್ನಿ.

ಅಷ್ಟರಾಗ ಚಾದಂಗಡ್ಯಾಗ ಹುಲಿಗೆಪ್ಪಗ ದಸ್ತಗೀರ ಸಿಕ್ಕಿದ್ದ. "ಯಾವ ರಿಪೇರಿ?" ಅಂತ ಕೇಳಿದ್ದ...

ಅದಕ್ಕ ಆ ಶಟರ್. ಅದಕ್ಕ ಆ ರಾಡ್.

"ಕಡೇ ಸಲ ಹೇಳ್ತೇನಿ ಆಪಾ!"

"ಹೇಳು. ಕೇಳಾಕತ್ತೇನಿ."

ರಾಡ್ ಬೀಸಿದ!

ತಗಡ ಅಡ್ಡ ಹಿಡದ್ನಿ. ಠಣ್! ಕೈ ಮೊಣಕೈತನಾ ಜುಮ್ ಅಂತು. ಹಿಂದ ಸರದ್ನಿ. ಬೆನ್ನಿಗೆ ಅರಿವಿ ಪರದೆ ತಾಗಿತು. ಹಿಂದ ಸಾಲಾಗಿ ಕ್ಯಾಬಿನ್. ಒಳಗ ಕಾಲೇಜ್ ಪಡ್ಡೆಗಳು, ಕಿವ್ಯಾಗ ಹೆಡ್‌ಫೋನ್. ಹಾಡಹಗಲೆ ಪರದೆ ಹಾಕ್ಕೊಂಡ ಏನ ನೋಡಾಕತ್ತಿದ್ರು, ನಾ ಕೇಳಲಿಲ್ಲ.

ಪರದೆ ಕಿತ್ತ ಒಗದ್ನಿ. ಎದಿ ತುಂಬ ಉಸರ ತಗೊಂಡ್ನಿ.

"ಪೊಲೀಸ್!! ರೇಡ್!!"

ಯಾ ಅಲ್ಲಾ... ಏನ ಓಟ ಅದು! ಒಬ್ಬ ಹೆಡ್‌ಫೋನ್ ಸಮೇತ ಓಡಿದ. ಇನ್ನೊಬ್ಬ ಒಂದ ಚಪ್ಪಲಿ ಬಿಟ್ಟ ಓಡಿದ. ಎಲ್ಲಾರೂ ಕೂಡಿ ಶಟರ್ ಎತ್ತಿದ್ರು. ನಡುವ ದಸ್ತಗೀರ ಕೆಳಗ ಬಿದ್ದ. ಅವನ ಮ್ಯಾಲೆ ಫೋಂಡಾದ ಅರ್ಧ ಕಾಲೇಜ ಹಾದ ಹೋತು. ಅದರ ಹಿಂದ ನಾನು. ಬಗಲಾಗ ತಗಡ!

ಆಕ್ಟಿವಾ ಚಾಲೂ ಮಾಡಿದ್ನಿ. ಬೋರಿ ಊರ ದಾಟೂದರಾಗ ಕನ್ನಡಿಯಾಗ ಬಿಳಿ ಸುಮೋ ಕಾಣ್ತು. ದಸ್ತಗೀರ ಎದ್ದಿದ್ದ!

ಸುಮೋ ಹತ್ತರ ಬಂತು. ಇನ್ನೂ ಹತ್ತರ... ಹಿಂದಿನ ಗಾಲಿಗೆ ತಾಗೂವಷ್ಟ! ಹಾರ್ನ್ ಕಿವ್ಯಾಗ ಮೊಳಿ ಬಡದಂಗ ಬಡ್ಯಾಕತ್ತಿತ್ತು.

ಮುಂದ ಹೊಳಿ ದಾಟೂ ಪೂಲು. ಪೂಲಿನ ತುಂಬ ಟ್ರಕ್. ಒಂದ ಕೆಟ್ಟ ನಿಂತಿತ್ತು, ಹಿಂದ ಸಾಲ ಹಚ್ಚಿತ್ತು.

ಬ್ರೇಕ್ ಹಿಡೀಲಿಲ್ಲ. ಟ್ರಕ್ಕಿಗೂ ಪೂಲಿನ ಅಂಚಿನ ಕಠಡಾಕ್ಕೂ ನಡುವ ಮೊಳ ಜಾಗಾ. ತೂರಿಸಿದ್ನಿ! ಮೊಣಕಾಲ ಕೆತ್ತಿ ಹೋತು. ಕೆಳಗ ಝುವಾರಿ ಹೊಳಿ ಬಾಯಿ ತಗದಿತ್ತು. ಹಿಂದ ಸುಮೋ ಕೀರ್ ಅಂತ ನಿಂತಿತು. ದಸ್ತಗೀರ ಕಿಡಕಿಯಾಗಿಂದ ಉರ್ದುದಾಗ ಬೈದ. ಮರಾಠಿಯಾಗ ಬೈದ. ಕೊಂಕಣಿಯಾಗೂ ಬೈದ.

ಗೋವಾಕ್ಕ ಬಂದ ಅಷ್ಟರ ಕಲತಿದ್ದ!

ಝುವಾರಿನಗರ ಮುಟ್ಟಿದಾಗ ಲಕ್ಷ್ಮವ್ವನ ಗ್ಯಾಂಗ್ ಆಫೀಸಿನ ಪಾವಟಿಗಿ ತುಂಬ ಕುಂತಿತ್ತು. ನನಗ ದಾರಿ ಬಿಟ್ರು. ಮ್ಯಾಲೆ ನಂದಾ ರಿಸೀವರ್ ಹಿಡಕೊಂಡ ಕಾಯಾಕತ್ತಿದ್ಲು. ತಗಡ ಟೇಬಲ್ ಮ್ಯಾಲೆ ಇಟ್ನಿ. ಮಗ್ಗಲಿಗೆ ಡಿಸ್ಕ್.

ಅಕಿ ಕೀ ಹೊಡದ್ಲು. ಪರದೆ ಮ್ಯಾಲೆ ನಂಬರ್ ಸಾಲ ಮೂಡಿತು. ಫೋನಿನ್ಯಾಗ ಮೊದಲ ಒಂದ ಮಶೀನ್ ಮಾತಾಡ್ತು. ನಂದಾ ನಂಬರ್ ಒತ್ತಿದ್ಲು. ಮಶೀನ್ ಒಪ್ಪಲಿಲ್ಲ. ಮತ್ತ ಒತ್ತಿದ್ಲು. ಒಪ್ಪಲಿಲ್ಲ! ಕಡೀಕ ಒಬ್ಬ ಖರೇ ಹೆಣ್ಣಮಗಳು ಬಂದ್ಲು. ಹಿಂದಿಯಾಗ ಎಲ್ಲಾ ಕೇಳಿಕೊಂಡ್ಲು. ಆಮ್ಯಾಲೆ ಕೇಳಿದ್ಲು...

"ಈ ವಿಂಡೋಸ್ ಎಷ್ಟ ಕಂಪ್ಯೂಟರಿನ್ಯಾಗ ಐತಿ?"

ನಂದಾ ಟೇಬಲ್ ಮ್ಯಾಲಿನ ಡಿಸ್ಕ್ ನೋಡಿದ್ಲು. ನನ್ನ ನೋಡಿದ್ಲು.

"ಒಂದ," ಅಂದ್ಲು. ದನಿ ನಡುಗಲಿಲ್ಲ!

ಆಗ ಯಾರೋ ಬಾಗಲಾ ಒದ್ದ ತಗದ್ರು.

ಲೋಕಪ್ಪ! ದಸ್ತಗೀರ ಫೋನ್ ಮಾಡಿ ಕರಸಿರಬೇಕು. ಸಫಾರಿ ಸೂಟಿನ ಗುಂಡಿ ಹರದಿತ್ತು. ಪಾವಟಿಗಿ ಮ್ಯಾಲಿನ ಹೆಂಗಸರನ್ನ ದಾಟಿ ಬರೂದು ಸಸಾರ ಅಲ್ಲ. ಬಂದಾಂವ ಸೀದಾ ಗ್ವಾಡಿಗೆ ಹೋಗಿ ಫೋನಿನ ವಾಯರ್ ಹಿಡದ.

"ಕಿತ್ತ ಒಗೀತೇನಿ! ಇದು ನನ್ನ ಆಫೀಸು! ನನ್ನ ಫೋನು!"

"ಕೀಳ್ರಿ ಸಾವ್ಕಾರ," ಅಂದ್ನಿ. ಸಮಾಧಾನಲೆ ಅಂದ್ನಿ. "ಲೈನ್ ಮ್ಯಾಲೆ ಕಂಪನಿ ಹೆಣ್ಣಮಗಳು ಅದಾಳ. ನೀವು ಕಿತ್ತ ಮ್ಯಾಲೆ ನಾ ಎಸ್‌ಟಿಡಿ ಬೂತಿಗೆ ಹೋಗಿ ಅಕಿಗೆ ಮತ್ತ ಫೋನ್ ಹಚ್ಚತೇನಿ. ಹುಲಿಗೆಪ್ಪನ ಕೆಫೆದ ಅಡ್ರೆಸ್ ಕೊಡ್ತೇನಿ. ಹತ್ತ ಕಂಪ್ಯೂಟರಿನ್ಯಾಗ ಒಂಬತ್ತಕ್ಕ ಲೈಸೆನ್ಸ್ ಇಲ್ಲ, ಹತ್ತನೇದಕ್ಕ ಒಂದ ಸ್ಟಿಕ್ಕರು! ಅದೂ ಕದ್ದದ್ದು! ಇವತ್ತ ಅಲ್ಲಿ ರೇಡ್ ಅಂತ ನಾ ಸುಳ್ಳ ಒದರಿದ್ನಿ. ನಾಳೆ ಬರೂ ರೇಡ್ ಸುಳ್ಳಿರೂದಿಲ್ಲ."

ಲೋಕಪ್ಪನ ಕೈ ವಾಯರ್ ಮ್ಯಾಲೆನ ನಿಂತಿತು. ತಗಡ ನೋಡಿದ. ಡಿಸ್ಕ್ ನೋಡಿದ. ಹೆಂತಿ ನೆನಪಾಗಿರಬೇಕು... ಮಾರಿ ಬೆಳ್ಳಗಾತು.

"ಅಂವ ನನ್ನ ಹೆಂತಿ ತಮ್ಮ," ಅಂದ.

"ಜೇಲಿನ್ಯಾಗ ಬೀಗರಿಗೆ ಬ್ಯಾರೆ ಖೋಲಿ ಇರೂದಿಲ್ರಿ."

ವಾಯರ್ ಬಿಟ್ಟ.

ಫೋನಿನ್ಯಾಗ ಆ ಹೆಣ್ಣಮಗಳು "ಹಲೋ? ಹಲೋ?" ಅನ್ನಾಕತ್ತಿದ್ಲು. ಪಾಪ, ಏನೇನ ಕೇಳಿಸ್ಕೊಂಡ್ಲೋ!

"ನಂದಾಗ ನಂಬರ್ ಒತ್ತಾಕ ಎರಡೂ ಕೈ ಬೇಕು," ಅಂದ್ನಿ. "ರಿಸೀವರ್ ನೀವ ಹಿಡೀರಿ ಸಾವ್ಕಾರ. ಫೋನಿನ್ಯಾಗ ಅಕಿ ಹೇಳಿದ್ದನ್ನ ಜೋರಾಗಿ ಹೇಳ್ರಿ."

"ನಾನಾ?!"

"ನಿಮ್ಮ ಆಫೀಸು. ನಿಮ್ಮ ಫೋನು."

ಹಿಡದ. ಬೆವರ ಒರಸ್ಕೋತ ಹೇಳಾಕ ಹತ್ತಿದ. "ನಾಲ್ಕು... ಸೊನ್ನಿ... ಏಳು..." ಸಾಲಿ ಹುಡುಗ ಮಗ್ಗಿ ಒಪ್ಪಿಸಿದಂಗ! ನಡುವ ಒಂದ ಕಡೆ ಬೇಕಂತನ ತಪ್ಪ ಹೇಳಿದ. ಪರದೆ ಕೆಂಪ ಗುರ್ತ ತೋರಿಸ್ತು. ನಾ ಕಿಡಕಿ ತಗದು ಕೆಳಗಿನ ಹೆಂಗಸರನ್ನ ಒಮ್ಮೆ ನೋಡಿದ್ನಿ... ಅಷ್ಟ.

"ಏಳಲ್ಲ, ಒಂಬತ್ತು," ಅಂದ. "ಲೈನ್ ಸರಿ ಇಲ್ಲ."

ಕಡೇ ನಂಬರ್ ಬಿತ್ತು. ನಂದಾ ಗುಂಡಿ ಒತ್ತಿದ್ಲು. ಕಂಪ್ಯೂಟರ್ ಬಾಗಲಾ ತಗೀತು!

ಪ್ರಿಂಟರ್ ಕಿರ್ರೋ ಅಂತ ಪಾಸ್ ಉಗುಳಾಕತ್ತಿತು. ಬಿಸಿ ಬಿಸಿ ಪಾಸ್ ಉಡಿಯಾಗ ಹಾಕ್ಕೊಂಡ ಲಕ್ಷ್ಮವ್ವ ಓಡಿದ್ಲು. ಗೇಟಿನ ಬಾಬು ಕಿಡಕಿ ಮುಚ್ಚಾಕತ್ತಿದ್ನಂತ. ಇಕಿ ಕೈ ಒಳಗ ತೂರಿಸಿದ್ಲಂತ. ಬೆರಳ ಜಜ್ಜಿತಂತ... ಪಾಸಿಗೆ ಮಾತ್ರ ಸಿಕ್ಕಾ-ಮುದ್ರಿ ಬಿತ್ತು! ನಲವತ್ತಕ್ಕೂ!

ಕಾಯಂ ಆದ್ರು ಅಂತ ತಿಳೀಬ್ಯಾಡ್ರಿ. ಮರುದಿನ ಮತ್ತ ಅದ ಚೀಲ ಹೊತ್ರು. ಆದ್ರ ಕೇಸ್ ಉಳೀತು.

ಒಳಗಿನ ವಿಂಡೋಸ್ ನಂದಾ ಅಳಿಸಿದ ಮ್ಯಾಲೆ ಡಿಸ್ಕ್ ಹುಲಿಗೆಪ್ಪಗ ವಾಪಸ್ ಕೊಟ್ನಿ. ನಾ ಕಳ್ಳಿ ಅಲ್ಲ. ಸ್ಟಿಕ್ಕರಿನ ತಗಡ ನಂದಾನ ಡಬ್ಬಿಗೆ ಕುಂತಿತು.

ಲೋಕಪ್ಪ ಸುಮ್ನಿರಲಿಲ್ಲ. ನಂದಾನ್ನ ಕೆಲಸದಿಂದ ತಗದ. ಹೊಸಾ ಆಪರೇಟರ್ ತಂದ, ಟೈ ಕಟ್ಟಿದಾಂವ. ಒಂದ ವಾರ ಆತು. ಆ ಟೈದಾಂವ ಏನ ಒತ್ತಿದ್ನೋ ದೇವರಿಗೆ ಗೊತ್ತು... ಪಾಸಿನ ಫೋಟೋ ಎಲ್ಲಾ ಅದಲ ಬದಲ! ಲೋಕಪ್ಪನ ಪಾಸಿನ ಮ್ಯಾಲೆ ದಸ್ತಗೀರನ ಮಾರಿ! ಗೇಟಿನ್ಯಾಗ ಸಾವ್ಕಾರನ್ನ ಬಿಸಲಾಗ ನಿಲ್ಲಿಸಿದ್ರು.

ಅವತ್ತ ಮಧ್ಯಾಹ್ನ ದಸ್ತಗೀರ ನನ್ನ ಮನಿ ಮುಂದ ಬಂದ. ರಾಡ್ ಇರಲಿಲ್ಲ. ಕೈಯಾಗ ಒಂದ ಕಿಲೋ ಪೇಢೆ.

"ಆಪಾ... ನಂದಾಗ ನೀವ ಒಂದ ಮಾತ ಹೇಳಬೇಕ್ರಿ. ತಿರುಗಿ ಬರೂವಂಗ."

ನನ್ನ ಬಾಗಲ ಮುಂದ ಏಳೆಂಟ ಮಂದಿ ತಮ್ಮ ತಮ್ಮ ತಂಟೆ ಹೊತ್ತ ಕುಂತಿದ್ರು.

ಪೇಢೆ ಇಸ್ಕೊಂಡ್ನಿ. ಅವರಿಗೆಲ್ಲಾ ಹಂಚಿದ್ನಿ.

"ಪಾಳೆ ಐತಿ," ಅಂದ್ನಿ. "ಹಿಂದ ಹೋಗಿ ನಿಂದರು."